ಕಡಲ ಕತ್ತಲೆಯಲ್ಲಿ ದೀಪಗಳ ಭಾಷೆ

ನೆಲದ ಮೇಲಿನ ದಾರಿಗೆ ಮೈಲಿಗಲ್ಲುಂಟು, ಕೈಕಂಬವುಂಟು, ಚೌಕದಲ್ಲಿ ಕೈಯೆತ್ತಿ ನಿಲ್ಲಿಸುವ ಪೊಲೀಸಿನವನುಂಟು. ಕಡಲಿಗೆ ಇವಾವುವೂ ಇಲ್ಲ. ಅಮಾವಾಸ್ಯೆಯ ಇರುಳಿನಲ್ಲಿ ಸಾವಿರಾರು ಟನ್ನು ತೂಕದ ಎರಡು ಹಡಗುಗಳು ಸಮೀಪಿಸುವಾಗ ಒಂದರ ಗಾತ್ರವಾಗಲಿ ಆಕಾರವಾಗಲಿ ಇನ್ನೊಂದಕ್ಕೆ ಕಾಣಿಸದು. ಕಾಣಿಸುವುದು ಕೆಲವು ಬಣ್ಣದ ಚುಕ್ಕೆಗಳು ಮಾತ್ರ. ಭಾರಿ ಹಡಗು ನಿಲ್ಲೆಂದರೆ ಒಡನೆಯೇ ನಿಲ್ಲುವಂಥದೂ ಅಲ್ಲ. ಆದುದರಿಂದ ಆ ಚುಕ್ಕೆಗಳನ್ನು ದೂರದಿಂದಲೇ ಓದಿ ಅರ್ಥಮಾಡಿಕೊಳ್ಳಬಲ್ಲವನಿಗಷ್ಟೇ ಹಡಗಿನ ಪಹರೆಯನ್ನು ಒಪ್ಪಿಸಲಾಗುತ್ತದೆ.

ಹಡಗಿನ ಅಧಿಕಾರಿಯಾಗಬಯಸುವ ತರುಣ ತರುಣಿಯರ ಪಾಲಿಗೆ ಈ ಓದು ಒಂದು ಅಗ್ನಿಪರೀಕ್ಷೆಯೇ ಸರಿ. ಕೆಂಪು ಹಸುರುಗಳ ಭೇದವನ್ನು ತಿಳಿಯಲಾರದ ಕಣ್ಣಿಗೆ ಈ ವೃತ್ತಿಯ ಬಾಗಿಲು ಮೊದಲೇ ಮುಚ್ಚಿಹೋಗುತ್ತದೆ. ಕಣ್ಣಿನ ಪರೀಕ್ಷೆಯಲ್ಲಿ ಗೆದ್ದವರಿಗೆ ಮುಂದೆ ಮೌಖಿಕ ಪರೀಕ್ಷೆ ಕಾದಿರುತ್ತದೆ. ಪರೀಕ್ಷಕರು ಒಂದು ದೀಪಜೋಡಣೆಯನ್ನು ತೋರಿಸಿ, ಇದು ಯಾವ ಹಡಗು, ಯಾವ ದಿಕ್ಕಿಗೆ ಸಾಗುತ್ತಿದೆ, ನೀವೇನು ಮಾಡುವಿರಿ ಎಂದು ಕೇಳುತ್ತಾರೆ. ಉತ್ತರಕ್ಕೆ ಯೋಚಿಸುತ್ತ ಕುಳಿತರೆ ಆಗದು. ಇಲ್ಲಿ ಎಡವಿದವರಿಗೆ ಉಳಿದ ಪಾಂಡಿತ್ಯ ನೆರವಾಗುವುದು ಕಷ್ಟ.

ನಿಯಮ ಹುಟ್ಟಿದ ಬಗೆ

ಉಗಿಹಡಗುಗಳು ಬಂದ ಮೇಲೆ ಡಿಕ್ಕಿಯ ಭಯ ಹೆಚ್ಚಿತು. 1838ರಲ್ಲಿ ಅಮೆರಿಕವು ಉಗಿದೋಣಿಗಳು ರಾತ್ರಿ ದೀಪ ಹೊತ್ತಿಸಬೇಕೆಂದು ವಿಧಿಸಿತು. ಆದರೆ ಯಾವ ಬಣ್ಣ, ಯಾವ ಸ್ಥಾನ ಎಂಬುದನ್ನು ಹೇಳಲಿಲ್ಲ. 1848ರಲ್ಲಿ ಬ್ರಿಟನ್ನು ತನ್ನ ಉಗಿಹಡಗುಗಳಿಗೆ ಕೆಂಪು ಹಸುರು ಮಗ್ಗುಲು ದೀಪಗಳನ್ನೂ ಕೂವೆಕಂಬದ ಬಿಳಿಯ ದೀಪವನ್ನೂ ಗೊತ್ತುಮಾಡಿತು. ಈಗ ಜಗತ್ತಿನ ಹಡಗುಗಳು ಪಾಲಿಸುವ ನಿಯಮಾವಳಿ 1972ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಅಂಗೀಕೃತವಾಗಿ, 1977ರ ಜುಲೈ 15ರಿಂದ ಜಾರಿಗೆ ಬಂದಿತು. ಅದರ 20ರಿಂದ 31ರ ವರೆಗಿನ ವಿಧಿಗಳು ದೀಪ ಹಾಗೂ ಆಕೃತಿಗಳಿಗೆ ಮೀಸಲು.

ಕೆಂಪು ಕಂಡರೆ ದಾರಿ ಬಿಡು

ಹಡಗಿನ ಮೂತಿಯತ್ತ ಮುಖಮಾಡಿ ನಿಂತರೆ ಬಲಕ್ಕೆ ಹಸುರು ದೀಪ, ಎಡಕ್ಕೆ ಕೆಂಪು. ಇವೆರಡೂ ನೇರ ಮುಂದಿನಿಂದ ತಂತಮ್ಮ ಮಗ್ಗುಲಿಗೆ 112.5 ಡಿಗ್ರಿಗಳಷ್ಟು ಕೋನದಲ್ಲಿ ಬೆಳಗುತ್ತವೆ. ಹಿಂಭಾಗದ ಬಿಳಿಯ ದೀಪಕ್ಕೆ 135 ಡಿಗ್ರಿ. ಕೂಡಿಸಿದರೆ ಸರಿಯಾಗಿ 360. ಅಂದರೆ ಯಾವ ಕಡೆಯಿಂದ ನೋಡಿದರೂ ಒಂದಲ್ಲ ಒಂದು ದೀಪ ಕಂಡೇ ಕಾಣುತ್ತದೆ. ಕಂಡ ಬಣ್ಣವೇ ಹಡಗಿನ ಮುಖ ಯಾವ ಕಡೆಗಿದೆ ಎಂಬುದನ್ನು ತಿಳಿಸುತ್ತದೆ.

ಈ ಬಣ್ಣಗಳ ಆಯ್ಕೆಯಲ್ಲಿ ಒಂದು ಜಾಣ್ಮೆ ಅಡಗಿದೆ. ಎರಡು ಯಂತ್ರಚಾಲಿತ ಹಡಗುಗಳು ಅಡ್ಡ ಹಾಯುವಾಗ, ಯಾವುದರ ಬಲಮಗ್ಗುಲಿಗೆ ಇನ್ನೊಂದು ಇರುವುದೋ ಅದೇ ದಾರಿ ಬಿಡಬೇಕು. ಹಾಗೆ ಬಿಡಬೇಕಾದ ಹಡಗಿಗೆ ಕಾಣುವುದು ಎದುರಿನದರ ಕೆಂಪು ದೀಪ. ನೇರವಾಗಿ ಸಾಗಬೇಕಾದ ಹಡಗಿಗೆ ಕಾಣುವುದು ಹಸುರು.

ಐವತ್ತು ಮೀಟರಿಗೆ ಕಡಮೆಯಿಲ್ಲದ ಹಡಗಿಗೆ ಕೂವೆಯ ದೀಪಗಳು ಎರಡು: ಮುಂದಿನದು ತಗ್ಗಿನಲ್ಲಿ, ಹಿಂದಿನದು ಎತ್ತರದಲ್ಲಿ. ಇವು ಆರು ಕಡಲಮೈಲಿಗಳವರೆಗೆ ಕಾಣುವಂತಿರಬೇಕು. ಮಗ್ಗುಲು ದೀಪಗಳಿಗೆ ಮೂರು ಮೈಲಿ ಸಾಕು. ಆದುದರಿಂದ ಬಣ್ಣ ಕಾಣುವುದಕ್ಕೆ ಮೊದಲೇ ಬಿಳಿಯ ದೀಪಗಳು ಸುದ್ದಿ ತಿಳಿಸುತ್ತವೆ. ತಗ್ಗಿನ ದೀಪ ಎಡಕ್ಕಿದ್ದರೆ ಹಡಗು ಎಡಕ್ಕೆ ಸಾಗುತ್ತಿದೆ. ಎರಡೂ ಒಂದರ ಮೇಲೊಂದು ನೆಟ್ಟಗೆ ನಿಂತರೆ ಅದು ನೇರವಾಗಿ ನಿಮ್ಮತ್ತಲೇ ಬರುತ್ತಿದೆ!

ಒಂಟಿ ದೀಪದ ಒಗಟು

ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವುದು ಒಂದೇ ಒಂದು ಬಿಳಿಯ ದೀಪ. ಅದು ಮುಂದೆ ಸಾಗುತ್ತಿರುವ ಹಡಗಿನ ಹಿಂದೀಪವಾಗಿರಬಹುದು. ಲಂಗರು ಹಾಕಿದ ಚಿಕ್ಕ ಹಡಗಾಗಿರಬಹುದು. ಹುಟ್ಟುಹಾಕುವ ದೋಣಿಯವನ ಕೈದೀಪವಾಗಿರಬಹುದು. ಮಗ್ಗುಲು ದೀಪಗಳು ಇನ್ನೂ ಕಾಣದಷ್ಟು ದೂರದ ಹಡಗೂ ಆಗಿರಬಹುದು. ಒಂದೇ ಉತ್ತರಕ್ಕೆ ಅಂಟಿಕೊಂಡವನು ಕೆಟ್ಟ. ದಿಕ್ಸೂಚಿಯಿಂದ ಅದರ ದಿಕ್ಕನ್ನು ಮತ್ತೆ ಮತ್ತೆ ಅಳೆಯುತ್ತಿರಬೇಕು. ದಿಕ್ಕು ಬದಲಾಗದೆ ದೂರ ಮಾತ್ರ ಕಡಮೆಯಾಗುತ್ತಿದ್ದರೆ ಡಿಕ್ಕಿ ನಿಶ್ಚಿತವೆಂದೇ ತಿಳಿಯಬೇಕು.

ಸುತ್ತಲೂ ಕಾಣುವ ದೀಪಗಳ ಗುಂಪಿಗೆ ಬೇರೆಯೇ ವ್ಯಾಕರಣ. ಒಂದರ ಕೆಳಗೊಂದು ಎರಡು ಕೆಂಪು ದೀಪಗಳಿದ್ದರೆ ಹಡಗು ಹತೋಟಿ ತಪ್ಪಿದೆ ಎಂದರ್ಥ. ಕೆಂಪು, ಬಿಳಿ, ಕೆಂಪು ಇದ್ದರೆ ಹೂಳೆತ್ತುವಿಕೆ, ಕೇಬಲ್ ಹಾಸುವಿಕೆಯಂಥ ಕೆಲಸದಲ್ಲಿ ತೊಡಗಿ ದಾರಿ ಬಿಡಲಾರದು. ಬಿಳಿಯ ಕೆಳಗೆ ಕೆಂಪಿದ್ದರೆ ಬಂದರಿಗೆ ದಾರಿ ತೋರುವ ಪೈಲಟ್ಟಿನ ದೋಣಿ. ಇಂಗ್ಲಿಷಿನಲ್ಲಿ ಇವಕ್ಕೆ ಪ್ರಾಸದ ಚುಟುಕುಗಳುಂಟು. ವಿದ್ಯಾರ್ಥಿಗಳು ಅವನ್ನು ಮಗ್ಗಿಯಂತೆ ಗಟ್ಟಿಮಾಡುತ್ತಾರೆ.

ಹಗಲಿನ ಕರಿಯ ಆಕೃತಿಗಳು

ಹಗಲಿನಲ್ಲಿ ದೀಪದ ಬದಲು ಕರಿಯ ಆಕೃತಿಗಳು ಮಾತನಾಡುತ್ತವೆ. ಇವು ನಾಲ್ಕೇ ಬಗೆ: ಗುಂಡು, ಶಂಕು, ವಜ್ರಾಕೃತಿ, ಉರುಳೆ. ಒಂದು ಗುಂಡು ಲಂಗರಿನ ಗುರುತು; ಎರಡಿದ್ದರೆ ಹತೋಟಿ ತಪ್ಪಿದೆ; ಮೂರಿದ್ದರೆ ಹಡಗು ನೆಲಕಚ್ಚಿದೆ. ದೊಡ್ಡ ಹಡಗುಗಳಲ್ಲಿ ಗುಂಡಿನ ವ್ಯಾಸ 0.6 ಮೀಟರಿಗೆ ಕಡಮೆಯಿರಕೂಡದು. ಮೀನು ಹಿಡಿಯುವ ನಾವೆಗೆ ತುದಿಗೆ ತುದಿ ಕೂಡಿಸಿದ ಎರಡು ಶಂಕುಗಳು. ನೋಡಲು ಶಿವನ ಡಮರುವಿನಂತೆಯೇ!

ಇದೆಲ್ಲ ಬರಿಯ ಪುಸ್ತಕದ ಮಾತಲ್ಲ. 2017ರ ಆಗಸ್ಟ್ 21ರ ಬೆಳಗಿನ ಜಾವ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ‘ಜಾನ್ ಎಸ್. ಮೆಕೇನ್’ನಲ್ಲಿ ಚುಕ್ಕಾಣಿ ಕೈಕೊಟ್ಟಿತೆಂಬ ಗೊಂದಲವೆದ್ದಿತು. ಎರಡು ಕೆಂಪು ದೀಪಗಳನ್ನು ಬೆಳಗಿಸಿದರು. ಆದರೆ ಕೆಲವೇ ನಿಮಿಷಗಳಲ್ಲಿ ‘ಆಲ್ನಿಕ್ ಎಂಸಿ’ ಎಂಬ ತೈಲದ ಹಡಗಿನೊಡನೆ ಡಿಕ್ಕಿಯಾಗಿ ಹತ್ತು ಮಂದಿ ನಾವಿಕರು ಸತ್ತರು. ದೀಪ ಹೊತ್ತಿದರೆ ಸಾಲದು. ನೋಡಿ, ತಿಳಿದು, ಹಡಗನ್ನು ತಿರುಗಿಸಲು ವೇಳೆಯೂ ಉಳಿದಿರಬೇಕು.

ನಮ್ಮ ಕರಾವಳಿಗೂ ಈ ಪಾಠ ದೂರದ್ದಲ್ಲ. ಮಳೆಗಾಲದ ನಿಷೇಧ ಮುಗಿದ ಆಗಸ್ಟಿನಲ್ಲಿ ಮಲ್ಪೆ, ಮಂಗಳೂರು, ಕಾರವಾರಗಳ ಯಂತ್ರದೋಣಿಗಳು ಕಡಲಿಗಿಳಿಯುತ್ತವೆ. ಎಳೆಬಲೆ ಬಿಟ್ಟ ದೋಣಿಯ ಗುರುತು ಬಿಳಿಯ ಮೇಲೆ ಹಸುರು. ನವ ಮಂಗಳೂರು ಬಂದರಿಗೆ ಬರುವ ಹಡಗಿನ ಅಧಿಕಾರಿ ಅದನ್ನು ಕಂಡೊಡನೆ, ಅಲ್ಲಿ ಬಲೆಯಿದೆ, ಅದಕ್ಕೆ ಸರಿಯಲಾಗದು, ತಾನೇ ಸರಿಯಬೇಕು ಎಂದು ಅರಿಯಬೇಕು.

ರೇಡಾರು, ಉಪಗ್ರಹಗಳ ನೆರವು ಬಂದ ಈ ಕಾಲದಲ್ಲಿಯೂ ಕಣ್ಣು ಕಿವಿಗಳಿಂದ ಪಹರೆ ಮಾಡಬೇಕೆಂಬ ವಿಧಿ ಹಾಗೆಯೇ ಉಳಿದಿದೆ. ಪರೀಕ್ಷೆ ಗೆದ್ದ ಹೊಸ ಅಧಿಕಾರಿಗೆ ಬಹುತೇಕ ಹಡಗುಗಳಲ್ಲಿ ರಾತ್ರಿ ಎಂಟರಿಂದ ಹನ್ನೆರಡರವರೆಗಿನ ಪಾಳಿ ಒದಗುತ್ತದೆ. ಕೆಳಗೆ ಸಂಗಡಿಗರು ಒಬ್ಬೊಬ್ಬರಾಗಿ ಮಲಗುತ್ತಾರೆ. ದೂರದ ದೋಣಿಯಲ್ಲಿ ಯಾರ ಮನೆಯ ಮಗನೋ ಬಲೆ ಎಳೆಯುತ್ತಿರುತ್ತಾನೆ. ಇಬ್ಬರ ಕ್ಷೇಮವೂ ಆಗ ಮೇಲೆ ಎಚ್ಚರವಾಗಿರುವ ಆ ಎಳೆಯ ಕಣ್ಣುಗಳಿಗೆ ಸೇರಿದ್ದು.