ಅಜ್ಜಿಯ ಗ್ವಾಡೆಗೆ ಎಷ್ಟು ರೂಪಾಯಿ?

ಪರೀಕ್ಷೆ ಮುಗಿದಿತ್ತು. ಊರಿಗೆ ಹೊರಡಲು ಇನ್ನೂ ನಾಲ್ಕು ದಿನ ಬಾಕಿ. ಮೇ ತಿಂಗಳ ಬಿಸಿಲಿಗೆ ಪಿ.ಜಿ.ಯ ಮೇಲಿನ ಮಹಡಿಯ ನಮ್ಮ ರೂಮು ಇಡ್ಲಿ ಪಾತ್ರೆಯಂತಾಗಿತ್ತು. ‘ಚಿತ್ರಕಲಾ ಪರಿಷತ್ತಲ್ಲಿ ಕರಕುಶಲ ಮೇಳ ಇದೆಯಂತೆ, ಬಾರೇ. ಮರದ ನೆರಳಾದ್ರೂ ಸಿಗುತ್ತೆ’ ಎಂದು ರೂಮ್‌ಮೇಟ್ ಎಳೆದುಕೊಂಡು ಹೊರಟಳು. ಅವಳಿಗೆ ಬೇಕಿದ್ದದ್ದು ಒಂದು ಜೊತೆ ಜುಮುಕಿ ಮತ್ತು ರೀಲ್ಸ್‌ಗೆ ಒಳ್ಳೆಯ ಹಿನ್ನೆಲೆ. ನನಗೆ ನೆರಳು ಸಿಕ್ಕರೆ ಸಾಕಿತ್ತು. ಕಲೆ ನೋಡಬೇಕೆಂದು ಇಬ್ಬರೂ ಹೊರಟವರಲ್ಲ.

ಶಿವಾನಂದ ಸರ್ಕಲ್ ಹತ್ತಿರ ಬಸ್ಸಿಳಿದು ಕುಮಾರಕೃಪಾ ರಸ್ತೆಗೆ ನಡೆದೆವು. ಜನವರಿಯಲ್ಲಿ ಚಿತ್ರಸಂತೆ ನಡೆಯುವಾಗ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಮಧ್ಯಾಹ್ನ ಮಾತ್ರ ಮಳಿಗೆಯವರೇ ಗಿರಾಕಿಗಳಿಗಿಂತ ಹೆಚ್ಚಿದ್ದರು. ಹಾಗಾಗಿ ಅವರಿಗೂ ಮಾತಾಡಲು ಪುರುಸೊತ್ತಿತ್ತು.

ಮೊದಲು ಸಿಕ್ಕಿದ್ದು ಚನ್ನಪಟ್ಟಣದ ಗೊಂಬೆಗಳು. ಅಲ್ಲಿದ್ದ ಅಣ್ಣ ಪುಟ್ಟ ಲೇತ್ ಮೇಲೆ ಹಾಲೆ ಮರದ ತುಂಡು ತಿರುಗಿಸುತ್ತಾ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದರು. ಮರ ತಿರುಗುವ ಬಿಸಿಗೇ ಅರಗು ಕರಗಿ ಅಂಟಿಕೊಳ್ಳುತ್ತದೆ. ಬ್ರಷ್ಷೂ ಇಲ್ಲ, ಬಣ್ಣದ ಡಬ್ಬಿಯೂ ಇಲ್ಲ. ಕೊನೆಗೆ ಒಣಗಿದ ಗರಿಯಿಂದ ಉಜ್ಜಿದ್ದೇ ತಡ, ಬುಗುರಿ ಮಿರಮಿರ ಮಿಂಚಿತು.

ಅದರ ಪಕ್ಕ ಬೀದರ್‌ನ ಬಿದ್ರಿ ಹೂಜಿಗಳು. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಗೀರು ತೆಗೆದು ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ, ಬಿಸಿಲು ತಾಗದ ಹಳೆಯ ಜಾಗದ ಮಣ್ಣೇ ಆಗಬೇಕಂತೆ. ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರಂತೆ! ‘ಇದನ್ನು ಯಾವ ಯೂಟ್ಯೂಬ್ ಕಲಿಸುತ್ತೆ ಹೇಳು’ ಎಂದಳು ರೂಮ್‌ಮೇಟ್. ನಾನೂ ತಲೆಯಾಡಿಸಿದೆ.

ಹೀಗೇ ಊರೂರಿನ ಕಲೆ ನೋಡಿ ಬೆರಗಾಗುತ್ತಾ ಸಾಲಿನ ಕೊನೆಗೆ ಬಂದಾಗ ನನ್ನ ಕಾಲು ತಾನಾಗಿ ನಿಂತಿತು. ಕೆಮ್ಮಣ್ಣಿನ ಬಣ್ಣದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು. ಗೆರೆಯೊಳಗೆ ಗೆರೆ, ಮೂಲೆಯಲ್ಲಿ ಹಕ್ಕಿ, ನಡುವೆ ಮದುಮಕ್ಕಳು. ಅದು ನಮ್ಮನೆ ಗೋಡೆ! ಗಾಜು ಹಾಕಿ, ಚೌಕಟ್ಟು ಕಟ್ಟಿ ತೂಗುಹಾಕಿದ್ದರು. ಕೆಳಗೆ ಚೀಟಿ: 1,800 ರೂಪಾಯಿ.

ನಮ್ಮದು ಸಾಗರದ ಕಡೆಯ ದೀವರ ಮನೆ. ನಮ್ಮಲ್ಲಿ ಮದುವೆ ಎಂದರೆ ಮದುಮಕ್ಕಳನ್ನು ಕೂರಿಸುವ ಕಡೆ ಗೋಡೆಗೆ ಚಿತ್ತಾರ ಬರೆಯಬೇಕು. ಅದಕ್ಕೇ ಅದು ‘ಹಸೆ ಗ್ವಾಡೆ’. ಅತ್ತೆಯ ಮದುವೆಗೆ ಅಜ್ಜಿ ಬರೆದ ಚಿತ್ತಾರ ನಾನು ಹುಟ್ಟುವ ಮೊದಲಿನಿಂದ ನಡುಮನೆಯಲ್ಲಿತ್ತು. ಮಾಸಿದಾಗೆಲ್ಲ ಅಜ್ಜಿಯೇ ತಿದ್ದಿ ಉಳಿಸಿಕೊಂಡು ಬಂದಿದ್ದಳು.

ಅದು ಈಗ ಇಲ್ಲ. ಇಲ್ಲವಾಗಿಸಿದ್ದು ನಾನೇ.

ಎಸ್‌ಎಸ್‌ಎಲ್‌ಸಿ ಮುಗಿಸಿದ ವರ್ಷ ಮನೆಗೆ ಹೊಸ ಬಣ್ಣ ಹೊಡೆಸಿದರು. ಆ ಗೋಡೆಯೊಂದನ್ನು ಬಿಟ್ಟುಬಿಡೋಣ ಎಂದಿದ್ದರು ಅಪ್ಪ. ಹಟ ಹಿಡಿದವಳು ನಾನು. ಪೇಟೆಯ ಗೆಳತಿಯರು ಬಂದರೆ ನಮ್ಮನೆ ಹಳೇ ಕಾಲದ್ದು ಅಂದುಕೊಳ್ಳುತ್ತಾರೆ ಎಂಬ ನಾಚಿಕೆ. ಗೋಡೆಗೆ ತಿಳಿ ಹಸಿರು ಪೇಂಟ್ ಎರಡು ಕೋಟ್ ಬಿತ್ತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಅವತ್ತು ಕತ್ತಲಾಗುವವರೆಗೂ ಕೊಟ್ಟಿಗೆಯಲ್ಲೇ ಇದ್ದಳು. ಆ ಗೆಳತಿಯರು ಇವತ್ತಿನವರೆಗೂ ನಮ್ಮನೆಗೆ ಬಂದಿಲ್ಲ.

‘ಇಷ್ಟು ಗೆರೆಗೆ 1,800 ರೂಪಾಯಾ? ಸಾವಿರಕ್ಕೆ ಕೊಡಿ’ ರೂಮ್‌ಮೇಟ್ ಚೌಕಾಸಿ ಶುರು ಮಾಡಿದ್ದಳು. ಮಳಿಗೆಯ ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಬಣ್ಣದ ಚಿಪ್ಪುಗಳನ್ನು ಒಂದೊಂದಾಗಿ ತೋರಿಸಿದರು. ಅಕ್ಕಿ ನೆನೆಸಿ ಅರೆದದ್ದು ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ನನಗೆ ಇದ್ಯಾವುದೂ ಹೊಸದಲ್ಲ. ಇವೇ ಚಿಪ್ಪುಗಳನ್ನು ಎಡವಿ ಚೆಲ್ಲಿ ಬೈಸಿಕೊಂಡವಳು ನಾನು.

‘ನಮ್ಮಜ್ಜಿನೂ ಬರೀತಾರೆ ಅಕ್ಕ, ನಮ್ದು ಸಾಗರದ ಕಡೆ’ ಎಂದೆ. ಅವರ ಮುಖ ಅರಳಿತು. ‘ಹೌದಾ ತಂಗಿ? ಹಂಗಾದ್ರೆ ಬಾ, ಒಂದು ಗೆರೆ ಎಳಿ’ ಎಂದು ಪುಂಡಿ ನಾರನ್ನು ಕೈಗಿತ್ತರು.

ಒಂದು ಗೇಣು ಗೆರೆ. ಅಷ್ಟೇ. ಮೊದಲಲ್ಲಿ ದಪ್ಪವಾಯಿತು, ನಡುವೆ ಸೊಟ್ಟಗಾಯಿತು, ತುದಿ ಮುಟ್ಟುವ ಮೊದಲೇ ಹಿಟ್ಟು ಮುಗಿಯಿತು. ಸ್ಕೇಲಿಲ್ಲದೆ, ಪೆನ್ಸಿಲ್ ಗುರುತಿಲ್ಲದೆ ಅಜ್ಜಿ ಇಡೀ ಗೋಡೆ ಬರೆದಿದ್ದಳು. ‘ಅಜ್ಜಿ ಇದ್ದಾರಲ್ಲ, ಕಲಿತ್ಕೋ’ ಎಂದಷ್ಟೇ ಹೇಳಿ ಅಕ್ಕ ನನ್ನ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ರೂಮ್‌ಮೇಟ್ ಮರುಮಾತಾಡದೆ 1,800 ರೂಪಾಯಿ ಕೊಟ್ಟು ಚಿತ್ರ ತಗೊಂಡಳು. ಜುಮುಕಿ ಮರೆತೇ ಹೋಯಿತು.

ಹಲಸಿನ ಮರದ ಕೆಳಗೆ ನಿಂತು ಮನೆಗೆ ಫೋನ್ ಮಾಡಿದೆ. ಅಮ್ಮ ಅಜ್ಜಿಯ ಕಿವಿಗೆ ಹಿಡಿದರು. ಮೇಳದ ಕಥೆ, ಚೌಕಟ್ಟಿನ ಕಥೆ, ಬೆಲೆ ಎಲ್ಲ ಹೇಳಿದೆ. ಅಜ್ಜಿ ಜೋರಾಗಿ ನಕ್ಕಳು.

‘ಮೊರದಗಲ ಚಿತ್ತಾರಕ್ಕೆ ಅಷ್ಟು ದುಡ್ಡಾ ಮಗಾ? ಹಂಗಾರೆ ನಮ್ಮನೆ ಗ್ವಾಡೆಗೆ ಎಷ್ಟಾಗ್ತಿತ್ತೇನೋ!’

ಅವಳು ಚುಚ್ಚಿ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಐದು ವರ್ಷದಿಂದ ಗಂಟಲಲ್ಲೇ ಇದ್ದ ಮಾತು ಅವತ್ತು ಹೊರಬಂತು: ‘ತಪ್ಪಾಯ್ತು ಅಜ್ಜಿ.’ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಗ್ವಾಡೆ ಎಲ್ಲಿಗೆ ಹೋಗ್ತದೆ, ಅಲ್ಲೇ ಅದೆ. ಕೈ ನಡುಗ್ತದೆ ನಂಗೆ. ನೀ ಬಾ’ ಎಂದಳು.

ಈಗ ಊರಲ್ಲಿದ್ದೇನೆ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಹಳೆಯ ಮೊರದ ಬೆನ್ನಿಗೆ ಕೆಮ್ಮಣ್ಣು ಬಳಿದುಕೊಂಡು ಕೂರುತ್ತೇನೆ. ಅಜ್ಜಿ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾಳೆ. ಗೆರೆ ಎಳೆಯುವಾಗ ಉಸಿರು ಬಿಡಬಾರದು, ಕುಂಚ ನೋಡದೆ ಗೆರೆ ಮುಟ್ಟಬೇಕಾದ ಕಡೆ ನೋಡಬೇಕು – ಇದು ಅವಳ ಪಾಠ. ಹತ್ತು ಗೆರೆ ಬರೆದರೆ ಎಂಟನ್ನು ಅವಳೇ ಒರೆಸುತ್ತಾಳೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಈ ಸಲ ನಾನೇ ಚಿತ್ತಾರ ಬರೆಯಬೇಕೆಂದು ಒಪ್ಪಂದವಾಗಿದೆ. ಆ ಬುಟ್ಟಿ ಅಜ್ಜಿಗೆ ಮೆಚ್ಚಿಗೆಯಾದರೆ ಗೋಡೆ.

ಗೋಡೆಗೆ ಅಪ್ಪ ಒಪ್ಪಿದ್ದಾರೆ. ಹಸಿರು ಪೇಂಟ್ ಕೆರೆಯುವ ಕೆಲಸ ಮಾತ್ರ ನನ್ನದೇ ಅಂತೆ. ನಿನ್ನೆ ಒಂದು ಮೂಲೆ ಕೆರೆದು ನೋಡಿದೆ. ಒಳಗೆ ಒಂದಿಷ್ಟು ಕೆಂಪು ಕಂಡಿತು.