ಕರಿ ಕುರಿ, ಕಂಬಳಿ ಮತ್ತು ಒಂದು ಲೆಕ್ಕ: ಅವರ್ಸಾದಿಂದ ಮೇಡ್ಲೇರಿಗೆ

ನಿಮ್ಮ ಕಪಾಟಿನಲ್ಲಿರೋ ಸ್ವೆಟರ್ ತೆಗೆದು, ಕುತ್ತಿಗೆ ಹತ್ತಿರ ಹೊಲಿದಿರುವ ಪುಟ್ಟ ಲೇಬಲ್ ಒಮ್ಮೆ ಓದಿ ನೋಡಿ. ‘ಅಕ್ರಿಲಿಕ್’ ಅಂತ ಇದ್ದರೆ ಅದು ಪೆಟ್ರೋಲಿಯಂನಿಂದ ತಯಾರಾದ ಎಳೆ, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ‘ಮೆರಿನೊ’ ಅಂತ ಇದ್ದರೆ ಆ ಉಣ್ಣೆ ಬಹುಶಃ ಆಸ್ಟ್ರೇಲಿಯಾದಿಂದ ಹಡಗು ಹತ್ತಿ ಬಂದದ್ದು. ಕರ್ನಾಟಕದಲ್ಲಿ ಇಷ್ಟೊಂದು ಕುರಿಗಳಿವೆ, ಹೈವೇಯಲ್ಲಿ ನಮ್ಮ ಕಾರು ನಿಲ್ಲಿಸಿ ರಸ್ತೆ ದಾಟುವ ಹಿಂಡುಗಳಿವೆ. ಹಾಗಿದ್ದರೆ ಅವುಗಳ ಉಣ್ಣೆ ಎಲ್ಲಿ ಹೋಗ್ತಿದೆ?

ಈ ಪ್ರಶ್ನೆ ಹಿಡಿದುಕೊಂಡು ನಾನು ಮತ್ತು ನನ್ನ ತಮ್ಮ ಒಂದು ಭಾನುವಾರ ಘಟ್ಟ ಹತ್ತಿದೆವು. ನಮ್ಮೂರು ಅವರ್ಸಾ. ಅಂಕೋಲಾ ಮತ್ತು ಕಾರವಾರದ ನಡುವೆ, ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗುಡ್ಡ. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗ. ಇಂಥ ಒದ್ದೆಯಲ್ಲಿ ಉಣ್ಣೆ ಕುರಿ ಬಾಳುವುದು ಕಷ್ಟ, ಗೊರಸು ಕೊಳೆಯುತ್ತದೆ. ಹಾಗಾಗಿ ನಮ್ಮ ಕಡೆ ಮೀನು ಉಂಟು, ಭತ್ತ ಉಂಟು, ಕುರಿಹಿಂಡು ಇಲ್ಲ.

ಆದರೆ ಕಂಬಳಿ ನಮಗೆ ಹೊಸತಲ್ಲ. ಕರಾವಳಿಯಲ್ಲಿ ಮಳೆಗಾಲದ ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡೇ ಇಳಿಯುತ್ತಿದ್ದರು. ಒಂದು ಮೂಲೆ ಮಡಚಿ ತಲೆಗೆ ಹಾಕಿಕೊಂಡರೆ ಬೆನ್ನು ಬೆಚ್ಚಗೆ, ಎರಡೂ ಕೈ ನಾಟಿಗೆ ಖಾಲಿ. ರೈನ್‌ಕೋಟು ಬಂದ ಮೇಲೆ ಕೊಪ್ಪೆ ಅಟ್ಟ ಸೇರಿತು. ಕುರಿಯೇ ಇಲ್ಲದ ಊರಿಗೆ ಆ ಕಂಬಳಿ ಬರುತ್ತಿದ್ದದ್ದು ಬಯಲುಸೀಮೆಯಿಂದ.

ಹಿಂಡಿನ ನಡುವೆ

ಅರಬೈಲ್ ಘಟ್ಟ, ಯಲ್ಲಾಪುರ, ಮುಂಡಗೋಡ ದಾಟಿ ಹಾವೇರಿ ಕಡೆ ಇಳಿದರೆ ಕಾಡು ಮುಗಿದು ಮೆಕ್ಕೆಜೋಳದ ಹೊಲಗಳು ಶುರು. ರಾಣೆಬೆನ್ನೂರು ಮುಟ್ಟುವ ಮೊದಲೇ, ಕೊಯ್ಲಾದ ಹೊಲವೊಂದರಲ್ಲಿ ಹಿಂಡು ಕಂಡಿತು. ಬಲೆ ಕಟ್ಟಿದ ದಡ್ಡಿಯೊಳಗೆ ಮರಿಗಳು, ಹೊರಗೆ ತಾಯಂದಿರು, ಎರಡು ನಾಯಿ, ಸಾಮಾನು ಹೊರೋದಕ್ಕೆ ಒಂದು ಕುದುರೆ.

ನಾನು ನಾಯಿ ನೋಡಿ ದೂರದಲ್ಲೇ ನಿಂತೆ. ರುಮಾಲು ಸುತ್ತಿದ ಅಜ್ಜ ನಕ್ಕರು: “ಬಾರವ್ವಾ, ಅಂಜಬ್ಯಾಡ. ನಾ ಇಲ್ಲೇ ಅದೀನಿ, ಅವು ಏನೂ ಮಾಡಂಗಿಲ್ಲ.”

ಹಿಂಡಿನಲ್ಲಿ ಎರಡು ಥರದ ಕುರಿ ಇದ್ದವು. ಉದ್ದ ಕಾಲಿನ, ನುಣುಪು ಮೈಯ ಕೆಂಪು ಕುರಿಗಳು ಒಂದು ಕಡೆ. ಗಿಡ್ಡ, ಗುಂಗುರು ಮೈಯ ಕರಿ ಕುರಿಗಳು ಇನ್ನೊಂದು ಕಡೆ. ಈ ಕರಿಯವೇ ಡೆಕ್ಕನಿ ತಳಿ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಒಣ ಬಯಲಿನ ಕುರಿ. ಅಜ್ಜ ಒಂದನ್ನು ಹಿಂಗಾಲು ಹಿಡಿದು ನಿಲ್ಲಿಸಿ, “ಮುಟ್ಟಿ ನೋಡು” ಅಂದರು. ಮೇಲೆ ಬಿಸಿಲಿಗೆ ಕಂದಾದ ತುದಿಗಳು. ಬೆರಳಿಂದ ಬಿಡಿಸಿದರೆ ಒಳಗೆ ಇದ್ದಿಲಿನಂಥ ಕಪ್ಪು. ಕೈ ತೆಗೆದಾಗ ಬೆರಳೆಲ್ಲ ಜಿಡ್ಡು. ಆ ಜಿಡ್ಡಿಗೆ ಲ್ಯಾನೋಲಿನ್ ಅಂತ ಹೆಸರು. ನಾವು ತುಟಿಗೆ ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಇರುವುದು ಇದೇ. ನೀರು ಮೈಗೆ ಇಳಿಯದಂತೆ ತಡೆಯುವುದೂ ಇದೇ.

ಈ ಕುರಿಗಳ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಮೊದಲು ಕೆರೆಯಲ್ಲೋ ಹಳ್ಳದಲ್ಲೋ ಮೈ ತೊಳೆದು, ಒಣಗಿದ ಮೇಲೆ ಕೈಕತ್ತರಿ ಹಾಕುತ್ತಾರೆ. ಮೆರಿನೊ ಕುರಿ ವರ್ಷಕ್ಕೆ ನಾಲ್ಕೈದು ಕೆ.ಜಿ. ಉಣ್ಣೆ ಕೊಟ್ಟರೆ ನಮ್ಮ ಡೆಕ್ಕನಿ ಕೊಡುವುದು ಒಂದು ಕೆ.ಜಿ.ಗಿಂತ ಕಡಿಮೆ. ಎಳೆಯೂ ದಪ್ಪ, ಒರಟು. ಮೊದಲ ಸಲ ಕತ್ತರಿಸಿದ ಮರಿ ಉಣ್ಣೆ ಮಾತ್ರ ಮೆತ್ತಗೆ.

ಹಾಗಾದರೆ ಇದನ್ನು ಯಾಕೆ ಸಾಕಬೇಕು? ಅಜ್ಜನ ಉತ್ತರ: “ಇದು ನಡಿಯೋ ಕುರಿ. ಮಳಿ ಬಂದ್ರೂ ತಡೀತೈತಿ, ಥಂಡಿ ಬಿದ್ರೂ ತಡೀತೈತಿ. ಬರಗಾಲದಾಗ ಕೆಂಪನವು ಮಕ್ಕೊಂಡ್ವು, ಇವು ಮುಳ್ಳುಕಂಟಿ ತಿಂದು ಎದ್ದು ನಿಂತ್ವು.”

ವರ್ಷದ ಹಲವು ತಿಂಗಳು ಈ ಕುಟುಂಬ ಊರು ಬಿಟ್ಟು ಹಿಂಡಿನ ಜೊತೆ ನಡೆಯುತ್ತದೆ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ ಮತ್ತು ಮೂತ್ರ ನೇರವಾಗಿ ಹೊಲಕ್ಕೆ ಗೊಬ್ಬರ. ಹೊಲದವರು ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾರೆ.

ಅಜ್ಜನ ಮಗ ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದರು, ವಯಸ್ಸು ನನ್ನಷ್ಟೇ. ಅವರ ಲೆಕ್ಕ ಬೇರೆ. “ಅಕ್ಕಾರ, ಉಣ್ಣಿ ಮಾರಿದ್ರ ಕತ್ತರಿಸಿದವ್ರ ಕೂಲಿನೂ ಹುಟ್ಟಂಗಿಲ್ಲ. ಹೋದ ಸಲದ್ದು ಬೇಲಿ ಬುಡಕ್ಕ ಚೆಲ್ಲಿದ್ವಿ. ಕೆಂಪನ ಮರಿ ಬೇಗ ತೂಕ ಬರ್ತೈತಿ, ಸಂತ್ಯಾಗ ರೇಟ್ ಸಿಗ್ತೈತಿ. ಮುಂದಿನ ವರ್ಷ ಕರಿಯವನ್ನ ಮಾರಿಬಿಡೂನು ಅಂತೀನಿ, ಅಪ್ಪ ಒಪ್ಪವಲ್ಲ.”

ಅಜ್ಜ ಏನೂ ಹೇಳಲಿಲ್ಲ. ಹಿಡಿದಿದ್ದ ಕುರಿಯನ್ನು ಬಿಟ್ಟು ಕೈ ಒರೆಸಿಕೊಂಡರು.

ಮಗ್ಗದ ಮನೆ

ಅಲ್ಲಿಂದ ಮುಂದೆ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ. ಕಂಬಳಿ ನೇಕಾರಿಕೆಗೆ ಹೆಸರಾದ ಊರು. ಒಂದು ಮನೆಯ ಪಡಸಾಲೆಯಲ್ಲಿ ಅವ್ವ ಒಬ್ಬರು ರಾಟೆ ತಿರುಗಿಸುತ್ತಿದ್ದರು. ಒಳಗೆ ಅವರ ಗಂಡ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು.

ಕಂಬಳಿ ಆಗುವ ಹಂತಗಳನ್ನು ಅವ್ವ ಬೆರಳು ಮಡಚುತ್ತಾ ಹೇಳಿದರು. ಉಣ್ಣೆ ಆರಿಸಿ ಕಸ, ಮುಳ್ಳು ತೆಗೆಯಬೇಕು. ಬಣ್ಣದ ಪ್ರಕಾರ ಬೇರೆ ಮಾಡಬೇಕು. ಹಿಂಜಬೇಕು, ನೂಲಬೇಕು. ಹಾಸು ಹೂಡಿ ಬಯಲಲ್ಲಿ ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಬೇಯಿಸಿದ ಗಂಜಿ ಹಚ್ಚಿ ಒಣಗಿಸಬೇಕು. ಕೈನೂಲು ಮಗ್ಗದ ಎಳೆತಕ್ಕೆ ತುಂಡಾಗದೆ ನಿಲ್ಲುವುದು ಈ ಗಂಜಿಯ ಬಲದಿಂದ. ಹೊಸ ಕಂಬಳಿ ಹಪ್ಪಳದ ಹಾಗೆ ಗಟ್ಟಿ ಇರುವುದಕ್ಕೂ ಇದೇ ಕಾರಣ, ಬಳಸುತ್ತಾ ಮೆತ್ತಗಾಗುತ್ತದೆ. ಇಷ್ಟಾದ ಮೇಲೆ ನೇಯ್ಗೆ. ಬಣ್ಣ ಹಾಕುವ ಕೆಲಸವೇ ಇಲ್ಲ. ಕಪ್ಪು, ಕಂದು, ಬಿಳಿ, ಎಲ್ಲ ಕುರಿಯದ್ದೇ.

“ಚುಚ್ಚೂದಿಲ್ಲೇನ್ ಅವ್ವಾ?” ಅಂತ ಕೇಳಿದೆ. ಅವರು ಜೋರಾಗಿ ನಕ್ಕರು. ಕಂಬಳಿ ಮೇಲೆ ಕೂತು ಉಣ್ಣುತ್ತಾ ಕೂದಲು ಬಂತು ಅಂದ ಹಾಗಾಯಿತು ನನ್ನ ಪ್ರಶ್ನೆ. “ಒಳಗ ಒಂದು ಹಳೇ ಸೀರಿ ಹಾಕ್ಕೊಂಡು ಹೊತ್ಕೋ, ಬೆವರು ಬಂದ್ರ ನನ್ನ ಕೇಳು” ಅಂದರು.

ಆ ಮಾತಿನ ಹಿಂದೆ ವಿಜ್ಞಾನವೂ ಇದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವಾಂಶ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಳೆಯಲ್ಲಿ ಕೊಪ್ಪೆ ಹೊದ್ದವರಿಗೆ ಬೆಚ್ಚಗೆ ಅನ್ನಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಈ ಭಾಗದಲ್ಲಿ ಕಂಬಳಿ ಬರೀ ಹೊದಿಕೆ ಅಲ್ಲ ಅನ್ನೋದನ್ನೂ ಹೇಳಬೇಕು. ಕುರುಬ ಸಮುದಾಯದ ಬೀರಪ್ಪ, ಮೈಲಾರಲಿಂಗರ ಪೂಜೆಗೆ ಕಂಬಳಿ ಬೇಕೇ ಬೇಕು. ಇದೇ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ಚಿತ್ರಗಳಲ್ಲೂ ಹೆಗಲ ಮೇಲೆ ಕಂಬಳಿ ಕಾಣುತ್ತದೆ. ಇವತ್ತಿಗೂ ರಾಜಕೀಯ ಸಭೆಗಳಲ್ಲಿ ಗಣ್ಯರಿಗೆ ಹೊದಿಸುವುದು ಇದನ್ನೇ.

ಒಂದು ಕಂಬಳಿಯ ಲೆಕ್ಕ

ಕೋಡ್ ಬರೆಯುವವಳಿಗೆ ಲೆಕ್ಕ ಹಾಕದೆ ಸಮಾಧಾನ ಇಲ್ಲ. ಅವ್ವನ ಜೊತೆ ಕೂತು ಫೋನಿನಲ್ಲಿ ಬರೆದುಕೊಂಡೆ.

ಒಂದು ಕಂಬಳಿಗೆ ಸುಮಾರು ಎರಡೂವರೆ ಕೆ.ಜಿ. ಉಣ್ಣೆ ಬೇಕು, ಅಂದರೆ ನಾಲ್ಕೈದು ಕುರಿಗಳ ಇಡೀ ವರ್ಷದ ಉಣ್ಣೆ. ಆರಿಸಿ, ಹಿಂಜಿ, ನೂಲು ತೆಗೆಯೋದಕ್ಕೆ ಅವ್ವನಿಗೆ ಆರು ದಿನ. ಗಂಜಿ ಹಾಕಿ ನೇಯೋದಕ್ಕೆ ಯಜಮಾನರಿಗೆ ಮೂರು ದಿನ. ನಾನು ಕೊಂಡದ್ದಕ್ಕೆ 2,000 ರೂಪಾಯಿ ಹೇಳಿದರು. ಉಣ್ಣೆ, ಹುಣಸೆ ಬೀಜ, ಹಿಂಜಿಸಿದ ಖರ್ಚು ಎಲ್ಲ ಸೇರಿ 400 ಕಳೆದರೆ ಉಳಿಯೋದು 1,600. ಒಂಬತ್ತು ದಿನಕ್ಕೆ ಹಂಚಿದರೆ ದಿನಕ್ಕೆ 180 ರೂಪಾಯಿಯೂ ಇಲ್ಲ.

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಜೀವಮಾನವಿಡೀ ಕಲಿತ ಕೈಗೆ, ಮಣ್ಣು ಹೊರುವ ಕೂಲಿಯ ಅರ್ಧವೂ ಸಿಗುತ್ತಿಲ್ಲ. ಅದೂ ನಾನು ಮನೆಗೇ ಹೋಗಿ ಕೊಂಡಾಗ. ಮಧ್ಯವರ್ತಿ ಬಂದರೆ ಇನ್ನೂ ಕಡಿಮೆ. ಆ ಮನೆಯ ಇಬ್ಬರು ಮಕ್ಕಳೂ ಮಗ್ಗಕ್ಕೆ ಕೂತಿಲ್ಲ. ಲೆಕ್ಕ ನೋಡಿದ ಮೇಲೆ ಅವರನ್ನು ದೂರೋದಕ್ಕೆ ನನಗೆ ಬಾಯಿ ಬರಲಿಲ್ಲ.

ಹೀಗಾದದ್ದು ಯಾಕೆ?

ಒಂದು ಕಾರಣ ಪೈಪೋಟಿ. ಪಾಣಿಪತ್‌ನ ಮರುಬಳಕೆ ನೂಲಿನ ಹೊದಿಕೆಗಳು, ಅಕ್ರಿಲಿಕ್ ಬ್ಲಾಂಕೆಟ್‌ಗಳು ಕಂಬಳಿಗಿಂತ ಬಹಳ ಅಗ್ಗ, ಮೆತ್ತಗೂ ಇವೆ. ಇನ್ನೊಂದು ತಳಿ ಬದಲಾವಣೆ. ಮಾಂಸಕ್ಕೆ ಬೆಲೆ ಏರಿದಂತೆ ಕುರಿಗಾರರು ಉಣ್ಣೆ ಕಡಿಮೆ ಇರುವ ತಳಿಗಳ ಕಡೆ ವಾಲಿದರು. ಕರಿ ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ, ಉಣ್ಣೆ ಇಲ್ಲದಿದ್ದರೆ ಮಗ್ಗ ಇಲ್ಲ, ಮಗ್ಗ ಇಲ್ಲದಿದ್ದರೆ ಉಣ್ಣೆಗೆ ಗಿರಾಕಿ ಇಲ್ಲ. ಒಂದನ್ನೊಂದು ಕೆಳಗೆ ಎಳೆಯುವ ಸುತ್ತು ಇದು.

ಮೂರನೆಯದು ಮೇವಿನ ಜಾಗ. ಕಂಬಳಿಗೆ ಹೆಸರಾದ ಇನ್ನೊಂದು ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಅಲ್ಲಿನ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಹತ್ತಿರ ಹತ್ತು ಸಾವಿರ ಎಕರೆಯನ್ನು ರಕ್ಷಣಾ, ಅಣು ಮತ್ತು ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳಿಗೆ ಹಂಚಲಾಯಿತು. ಸುತ್ತಲ ಹಳ್ಳಿಗಳ ಕುರಿಗಾರರು, ನೇಕಾರರು ಇದರ ವಿರುದ್ಧ ಹೋರಾಡಿದರು. ನೌಕಾನೆಲೆಗೆ ಊರು ಬಿಟ್ಟುಕೊಟ್ಟವರ ನಡುವೆ ಬೆಳೆದ ನಮ್ಮಂಥ ಕಾರವಾರ–ಅಂಕೋಲಾದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಯಾರೂ ಏನೂ ಮಾಡುತ್ತಿಲ್ಲ ಅಂತಲ್ಲ. ದೇಶದ ಪಶುಪಾಲಕರ ಜೊತೆ ಕೆಲಸ ಮಾಡುವ ‘ಸೆಂಟರ್ ಫಾರ್ ಪ್ಯಾಸ್ಟೋರಲಿಸಂ’ ಸಂಸ್ಥೆ ದೇಸಿ ಉಣ್ಣೆಗೆ ಮಾರುಕಟ್ಟೆ ಹುಡುಕುತ್ತಿದೆ. ಡೆಕ್ಕನಿ ಕುರಿಯ ಕಥೆ ಹೇಳುವ ‘ದೇಸಿ ಊನ್’ ಅನ್ನೋ ಪುಟ್ಟ ಅನಿಮೇಷನ್ ಚಿತ್ರಕ್ಕೆ 2025ರಲ್ಲಿ ಫ್ರಾನ್ಸಿನ ಆನೆಸಿ ಉತ್ಸವದಲ್ಲಿ ಪ್ರಶಸ್ತಿ ಬಂತು. ಇದರ ನಿರ್ದೇಶಕರು ಸುರೇಶ್ ಎರಿಯಾಟ್. ಮಕ್ಕಳ ಜೊತೆ ಕೂತು ನೋಡಿ.

ನೀವೂ ಹೋಗೋದಾದರೆ

* ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ. ಕೊಯ್ಲಾದ ಹೊಲಗಳಲ್ಲಿ ಹಿಂಡು ಸಿಗುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋದರೆ ಕುರಿಗಾರರಿಗೆ ಮಾತಾಡುವಷ್ಟು ಬಿಡುವಿರುತ್ತದೆ.
* ದೂರದಿಂದಲೇ ಕೂಗಿ ಕೇಳಿ, ಅವರು ಕರೆದ ಮೇಲೆ ಹತ್ತಿರ ಹೋಗಿ. ನಿಮ್ಮ ಸಾಕುನಾಯಿ ಕಾರಲ್ಲೇ ಇರಲಿ. ಮರಿಗಳನ್ನು ಅಟ್ಟಾಡಿಸಬೇಡಿ, ಫೋಟೋಗೆ ಅಂತ ಎತ್ತಿ ಎಳೆದಾಡಬೇಡಿ. ಸುಮ್ಮನೆ ಕೂತರೆ ಅವೇ ಬಂದು ನಿಮ್ಮ ಬೆರಳು ಚೀಪುತ್ತವೆ.
* ಕಂಬಳಿ ಕೊಳ್ಳುವಾಗ ಅಂಚಿನ ಒಂದೆಳೆ ಕೇಳಿ ಪಡೆದು, ಇಕ್ಕುಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡು ಆಗುತ್ತದೆ.
* ವಾಷಿಂಗ್ ಮಷೀನಿಗೆ ಬೇಡ. ಬಿಸಿನೀರು ತಾಗಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ. ಕೊಡವಿ ಬಿಸಿಲಿಗೆ ಹಾಕಿ, ಒಣ ಬೇವಿನೆಲೆ ಇಟ್ಟು ಮಡಚಿಡಿ.
* ಹೊದೆಯಲು ಚುಚ್ಚಿದರೆ ಹಾಸಿಗೆ ಕೆಳಗೆ ಹಾಸಿ, ಯೋಗಕ್ಕೆ ಬಳಸಿ. ನಮ್ಮ ಮನೆಯಲ್ಲಿ ಈಗ ಅದರ ಮೇಲೆ ಅಜ್ಜಿ ಕೂರುತ್ತಾರೆ, ಬೇರೆ ಯಾರಿಗೂ ಬಿಡುತ್ತಿಲ್ಲ.

ಚೌಕಾಸಿ ಬಗ್ಗೆ ಬೇರೆಯಾಗಿ ಹೇಳಬೇಕಿಲ್ಲ, ಮೇಲಿನ ಲೆಕ್ಕವೇ ಹೇಳಿದೆ.

ಮೊನ್ನೆ ಆ ಕುರಿಗಾರರ ಮಗನಿಗೆ ಫೋನ್ ಮಾಡಿದ್ದೆ. ನನ್ನ ಆಫೀಸಿನ ನಾಲ್ಕು ಜನ ಕಂಬಳಿ ಬೇಕು ಅಂದಿದ್ದರು, ಮೇಡ್ಲೇರಿಯ ಅವ್ವನಿಗೆ ಅದಕ್ಕೆ ಹತ್ತು ಕೆ.ಜಿ. ಕರಿ ಉಣ್ಣೆ ಬೇಕಿತ್ತು. “ಈ ಸಲ ಕತ್ತರಿಸಿದ್ದನ್ನ ಚೆಲ್ಲಂಗಿಲ್ಲ ಬಿಡ್ರಿ ಅಕ್ಕಾರ, ಚೀಲ ತುಂಬಿಡ್ತೀನಿ” ಅಂದರು. ಕರಿ ಕುರಿಗಳನ್ನು ಮಾರುವ ವಿಷಯ ಕೇಳಿದೆ. “ಅಪ್ಪ ಇನ್ನೂ ಒಪ್ಪಿಲ್ಲ” ಅಂದರು. ಈ ಸಲ ಆ ಮಾತು ಹೇಳುವಾಗ ಅವರ ದನಿಯಲ್ಲಿ ಬೇಸರ ಇರಲಿಲ್ಲ.