ಚಾಲನಾ ಅನುಜ್ಞಾ ಪತ್ರ ಅಮಾನತಾದಾಗ ಸ್ವಂತ ವಾಹನವಿಲ್ಲದವರ ವಿಮೆ: ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗದಲ್ಲಿ ಸ್ವಂತ ವಾಹನವಿಲ್ಲದೆಯೇ ವಾಹನ ಚಾಲನೆಯಿಂದ ಜೀವನ ನಡೆಸುವವರು ಬಹಳ ಮಂದಿ ಇದ್ದಾರೆ. ಬೇಲೂರು–ಹಳೇಬೀಡಿನ ದೇವಾಲಯಗಳಿಗೆ ಪ್ರವಾಸಿಗರನ್ನು ಕರೆತರುವ ಟ್ಯಾಕ್ಸಿ, ಅರಸೀಕೆರೆಯ ಮಾರುಕಟ್ಟೆಯಿಂದ ಕೊಬ್ಬರಿ ಸಾಗಿಸುವ ಲಾರಿ, ಕಾಫಿ ತೋಟಗಳಿಗೆ ಗೊಬ್ಬರ ಒಯ್ಯುವ ಪಿಕಪ್, ಇವೆಲ್ಲವೂ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುತ್ತವೆ. ಚಾಲಕರ ಕೈಯಲ್ಲಿರುವುದು ಚಾಲನಾ ಅನುಜ್ಞಾ ಪತ್ರ, ಅಂದರೆ ಡಿ.ಎಲ್. ಮಾತ್ರ. ಅದು ಅಮಾನತಾದಾಗ, "ನನ್ನ ಹೆಸರಿಗೇ ಒಂದು ಹೊಣೆಗಾರಿಕೆ ವಿಮೆ ಮಾಡಿಸಿಕೊಂಡರೆ ಬೇರೆಯವರ ವಾಹನ ಓಡಿಸಬಹುದೇ? ವಿಮೆ ತೋರಿಸಿದರೆ ಡಿ.ಎಲ್. ಬೇಗ ವಾಪಸು ಬರುವುದೇ?" ಎಂಬ ಸಂದೇಹ ಹುಟ್ಟುವುದು ಸಹಜ.

ಈ ಎರಡು ಪ್ರಶ್ನೆಗಳಿಗೂ ಉತ್ತರ ಇಲ್ಲ ಎಂಬುದೇ ಆಗಿದೆ. ವಾಹನವಿಲ್ಲದ ವ್ಯಕ್ತಿಯ ಹೆಸರಿಗೆ ಮೋಟಾರು ಹೊಣೆಗಾರಿಕೆ ಪಾಲಿಸಿ ನೀಡುವ ಪದ್ಧತಿ ನಮ್ಮ ದೇಶದ ಮೋಟಾರು ವಿಮೆಯಲ್ಲಿಲ್ಲ. ಅಮಾನತಾದ ಅನುಜ್ಞಾ ಪತ್ರವನ್ನು ಹಿಂಪಡೆಯಲು ಯಾವುದೇ ವಿಮಾ ಪ್ರಮಾಣಪತ್ರ ಸಲ್ಲಿಸಬೇಕೆಂದು ಕಾಯ್ದೆಯು ಕೇಳುವುದೂ ಇಲ್ಲ.

ವಿಮೆ ವಾಹನಕ್ಕೆ, ಚಾಲಕನಿಗಲ್ಲ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 146ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಳಸುವ ಪ್ರತಿಯೊಂದು ಮೋಟಾರು ವಾಹನಕ್ಕೆ ಮೂರನೇ ವ್ಯಕ್ತಿಯ ನಷ್ಟವನ್ನು ಭರಿಸುವ ವಿಮೆ ಇರತಕ್ಕದ್ದು. ಜನರು ಇದನ್ನೇ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎನ್ನುತ್ತಾರೆ. ಈ ಪಾಲಿಸಿಯಲ್ಲಿ ವಾಹನದ ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆ ನಮೂದಾಗಿರುತ್ತವೆ. ಮಾಲೀಕರ ಅನುಮತಿಯಿಂದ ಆ ವಾಹನವನ್ನು ನಡೆಸುವ ಚಾಲಕರಿಗೂ ಅದೇ ಪಾಲಿಸಿಯ ರಕ್ಷಣೆ ದೊರೆಯುತ್ತದೆ. ಆದುದರಿಂದ ಚಾಲ್ತಿಯಲ್ಲಿರುವ ಡಿ.ಎಲ್. ಹೊಂದಿದವರು ಸ್ನೇಹಿತರ ಅಥವಾ ಮಾಲೀಕರ ವಾಹನ ನಡೆಸಲು ಪ್ರತ್ಯೇಕ ವಿಮೆ ಮಾಡಿಸುವ ಅಗತ್ಯವಿಲ್ಲ.

ಆದರೆ ಪಾಲಿಸಿಯಲ್ಲಿ ಚಾಲಕರ ಬಗ್ಗೆ ಒಂದು ಷರತ್ತು ಮುದ್ರಿತವಾಗಿರುತ್ತದೆ. ಅಪಘಾತದ ಸಮಯದಲ್ಲಿ ವಾಹನ ನಡೆಸುತ್ತಿದ್ದವರು ಚಾಲ್ತಿಯಲ್ಲಿರುವ ಅನುಜ್ಞಾ ಪತ್ರ ಹೊಂದಿರಬೇಕು ಮತ್ತು ಅಂತಹ ಪತ್ರ ಹೊಂದಲು ಅನರ್ಹಗೊಂಡಿರಬಾರದು ಎಂಬುದು ಅದರ ಸಾರಾಂಶ. ಈ ಲೇಖನದಲ್ಲಿ ಮುಂದೆ ಹೇಳುವ ತೊಂದರೆಗಳಲ್ಲಿ ಬಹುಪಾಲು ಈ ಒಂದು ಷರತ್ತಿನಿಂದಲೇ ಉದ್ಭವಿಸುತ್ತವೆ. ಪಾಲಿಸಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಮರೆಯುವ ಮಾಲೀಕರು ಇದನ್ನೊಮ್ಮೆ ಓದಿಕೊಳ್ಳುವುದು ಒಳಿತು.

ಮೂರನೇ ವ್ಯಕ್ತಿ ವಿಮೆಯ ಮೂಲ ಕಂತನ್ನು ಸರ್ಕಾರವು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. ದಿನಾಂಕ 1-6-2022ರಿಂದ ಜಾರಿಗೆ ಬಂದ ಅಧಿಸೂಚನೆಯಲ್ಲಿ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವಾರ್ಷಿಕ ರೂ. 2,094, 1000ದಿಂದ 1500 ಸಿ.ಸಿ.ವರೆಗಿನ ಕಾರಿಗೆ ರೂ. 3,416, ಅದಕ್ಕೂ ಮೀರಿದ ಕಾರಿಗೆ ರೂ. 7,897 ಎಂದು ನಿಗದಿಯಾಯಿತು. ಖಾಸಗಿ ಕಾರುಗಳ ಈ ದರಗಳು ಎಂಜಿನ್ನಿನ ಗಾತ್ರವನ್ನು ಅವಲಂಬಿಸಿವೆಯೇ ಹೊರತು ಚಾಲಕರ ಹಿಂದಿನ ದಂಡ ಅಥವಾ ಅಮಾನತನ್ನು ಅವಲಂಬಿಸಿಲ್ಲ. "ಹೆಚ್ಚಿನ ಅಪಾಯದ ಚಾಲಕ" ಎಂಬ ವರ್ಗವೇ ಅಲ್ಲಿಲ್ಲ.

ಹಾಗಿದ್ದರೆ ಈ ಮಾತು ಎಲ್ಲಿಂದ ಬಂತು? ಅಮೆರಿಕದ ಅನೇಕ ರಾಜ್ಯಗಳಲ್ಲಿ ಡಿ.ಎಲ್. ಅಮಾನತಾದವರು ಅದನ್ನು ಮರಳಿ ಪಡೆಯಲು ತಮ್ಮ ಬಳಿ ಹೊಣೆಗಾರಿಕೆ ವಿಮೆ ಇದೆಯೆಂದು ವಿಮಾ ಕಂಪನಿಯ ಮೂಲಕ ಎಸ್‌ಆರ್-22 ಎಂಬ ಪ್ರಮಾಣಪತ್ರವನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ. ಕಾರಿಲ್ಲದವರಿಗೆ ಅಲ್ಲಿ ಪ್ರತ್ಯೇಕ ಪಾಲಿಸಿಗಳೂ ದೊರೆಯುತ್ತವೆ. ಮಕ್ಕಳು, ಬಂಧುಗಳು ಅಲ್ಲಿರುವ ಕುಟುಂಬಗಳು ಈ ವಿಷಯ ಕೇಳಿರಬಹುದು. ಆ ಪದ್ಧತಿ ಆ ದೇಶಕ್ಕೆ ಸಂಬಂಧಿಸಿದ್ದು. ಅಂತಹ ಪಾಲಿಸಿಯನ್ನು ಇಲ್ಲಿಯೂ ಮಾಡಿಸಿಕೊಡುವುದಾಗಿ ಹೇಳಿ ಹಣ ಕೇಳುವವರಿಗೆ ಸಾರ್ವಜನಿಕರು ಹಣ ಕೊಡತಕ್ಕದ್ದಲ್ಲ.

ಅಮಾನತಿನ ಆದೇಶವನ್ನು ಓದಿಕೊಳ್ಳುವ ಬಗೆ

ಕಾಯ್ದೆಯ ಕಲಂ 19ರ ಅಡಿ ಅನುಜ್ಞಾ ಪತ್ರ ನೀಡುವ ಪ್ರಾಧಿಕಾರವೂ, ಕಲಂ 20ರ ಅಡಿ ನ್ಯಾಯಾಲಯವೂ ಚಾಲಕರನ್ನು ಅನರ್ಹಗೊಳಿಸಬಹುದು. ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು 2015ರ ಆಗಸ್ಟ್ ತಿಂಗಳಲ್ಲಿ ರಾಜ್ಯಗಳಿಗೆ ನೀಡಿದ ನಿರ್ದೇಶನದಂತೆ ಅತಿ ವೇಗ, ಕೆಂಪು ದೀಪ ಉಲ್ಲಂಘನೆ, ಸರಕು ವಾಹನದಲ್ಲಿ ಅಧಿಕ ಭಾರ, ಸರಕು ವಾಹನದಲ್ಲಿ ಜನರ ಸಾಗಣೆ, ಮದ್ಯಪಾನ ಮಾಡಿ ಚಾಲನೆ ಹಾಗೂ ಚಾಲನೆಯ ವೇಳೆ ಮೊಬೈಲ್ ಬಳಕೆಗೆ ಕನಿಷ್ಠ ಮೂರು ತಿಂಗಳ ಅಮಾನತು ವಿಧಿಸಬೇಕಾಗಿದೆ. ಇವುಗಳ ಪೈಕಿ ಸರಕು ವಾಹನದಲ್ಲಿ ಜನರ ಸಾಗಣೆಯನ್ನು ಬೇಲೂರು ಭಾಗದ ಚಾಲಕರು ವಿಶೇಷವಾಗಿ ಗಮನಿಸಬೇಕು. ತೋಟದ ಕೂಲಿಯಾಳುಗಳನ್ನು ಪಿಕಪ್ಪಿನ ಹಿಂಬದಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ರೂಢಿಯಾಗಿದ್ದರೂ, ಮಾಲೀಕರೇ ಹಾಗೆ ಹೇಳಿದ್ದರೂ, ಅಮಾನತಾಗುವುದು ಚಾಲಕರ ಡಿ.ಎಲ್.

2019ರ ತಿದ್ದುಪಡಿಯಂತೆ ಕೆಲವು ಅಪರಾಧಗಳಲ್ಲಿ ಪೊಲೀಸ್ ಅಧಿಕಾರಿಯು ಡಿ.ಎಲ್. ವಶಪಡಿಸಿಕೊಂಡು ಪ್ರಾಧಿಕಾರಕ್ಕೆ ಕಳುಹಿಸಬಹುದು. ಪ್ರಾಧಿಕಾರವು ಚಾಲಕರ ಅಹವಾಲು ಕೇಳಿದ ನಂತರವೇ ಆದೇಶ ಮಾಡತಕ್ಕದ್ದು. ಹೀಗೆ ಬಂದ ಪ್ರಕರಣದಲ್ಲಿ ಮೊದಲ ಅಪರಾಧಕ್ಕೆ ಮೂರು ತಿಂಗಳ ಅನರ್ಹತೆ, ಎರಡನೆಯದಕ್ಕೆ ಡಿ.ಎಲ್. ರದ್ದು ಆಗಬಹುದು. ವಿಚಾರಣೆಯ ನೋಟೀಸು ಬಂದಾಗ ಹಾಜರಾಗದೆ ಇರುವುದು ತಮ್ಮ ಮಾತನ್ನು ಹೇಳಿಕೊಳ್ಳುವ ಅವಕಾಶವನ್ನು ತಾವೇ ಬಿಟ್ಟುಕೊಟ್ಟಂತೆ.

ಆದೇಶದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದನ್ನೂ, ಎಲ್ಲ ವರ್ಗದ ವಾಹನಗಳಿಗೋ ಅಥವಾ ಕೆಲವು ವರ್ಗಗಳಿಗೆ ಮಾತ್ರವೋ ಎಂಬುದನ್ನೂ ನೋಡಿಕೊಳ್ಳಬೇಕು. ಲಾರಿ ಚಾಲನೆಗೆ ಮಾತ್ರ ಅನರ್ಹತೆ ಇದ್ದಲ್ಲಿ ಸ್ಕೂಟರ್ ನಡೆಸಲು ಅಡ್ಡಿಯಾಗದು. ಎಲ್ಲ ವರ್ಗಗಳಿಗೂ ಅನ್ವಯಿಸಿದ್ದಲ್ಲಿ ಸ್ಕೂಟರನ್ನೂ ನಡೆಸುವಂತಿಲ್ಲ. ಡಿ.ಎಲ್. ಕಾರ್ಡು ಕೈಯಲ್ಲೇ ಉಳಿದಿದ್ದರೂ, ಅದರ ಮೇಲೆ ಮುದ್ರಿತ ಅವಧಿ ಇನ್ನೂ ಹತ್ತು ವರ್ಷವಿದ್ದರೂ, ಕಲಂ 23ರಂತೆ ಅಮಾನತಿನ ಅವಧಿಯಲ್ಲಿ ಅದು ಚಾಲ್ತಿಯಲ್ಲಿರುವ ಪತ್ರವೆನಿಸುವುದಿಲ್ಲ.

ಅಮಾನತಿನ ಅವಧಿಯಲ್ಲಿ ಬೇರೆಯವರ ವಾಹನ ನಡೆಸಿದರೆ

ಮೂರು ತಿಂಗಳ ದುಡಿಮೆ ಕಳೆದುಕೊಳ್ಳುವುದು ದಿನಗೂಲಿ ಚಾಲಕರ ಮನೆಗೆ ಸಣ್ಣ ಪೆಟ್ಟಲ್ಲ. "ಊರೊಳಗೆ ಮಾತ್ರ", "ಹಳೇಬೀಡಿಗೆ ಒಂದೇ ಟ್ರಿಪ್" ಎಂದು ಸ್ಟಿಯರಿಂಗ್ ಹಿಡಿಯುವುದು ಈ ಸಂಕಷ್ಟದಿಂದಲೇ. ಆದರೆ ಆ ಒಂದು ಟ್ರಿಪ್ಪಿನಲ್ಲಿ ಅಪಘಾತವಾದರೆ ಹೊರೆ ಮೂವರ ಮೇಲೆ ಬೀಳುತ್ತದೆ.

ಮೊದಲನೆಯವರು ಚಾಲಕರು. ಅನರ್ಹಗೊಂಡವರು ವಾಹನ ನಡೆಸಿದರೆ ಕಲಂ 182ರ ಅಡಿ ಮೂರು ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ಕಲಂ ಸಾರ್ವಜನಿಕ ಸ್ಥಳಕ್ಕೆ ಮಾತ್ರ ಸೀಮಿತವಲ್ಲ, "ಬೇರೆ ಯಾವುದೇ ಸ್ಥಳ"ಕ್ಕೂ ಅನ್ವಯಿಸುತ್ತದೆ. ಆದ್ದರಿಂದ ತೋಟದ ಒಳಗಿನ ಖಾಸಗಿ ರಸ್ತೆ ಎಂಬ ಸಮಜಾಯಿಷಿ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯವರು ವಾಹನದ ಮಾಲೀಕರು. ಚಾಲ್ತಿ ಡಿ.ಎಲ್. ಇಲ್ಲದವರಿಗೆ ವಾಹನ ನೀಡುವುದನ್ನು ಕಲಂ 5 ನಿಷೇಧಿಸುತ್ತದೆ. ಇದಕ್ಕೆ ಕಲಂ 180ರ ಅಡಿ ಮೂರು ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000 ದಂಡ ಅಥವಾ ಎರಡೂ ಉಂಟು. ದಂಡಕ್ಕಿಂತ ದೊಡ್ಡದು ಪರಿಹಾರದ ಹೊಣೆ. ದಿನಾಂಕ 1-4-2022ರಿಂದ ಜಾರಿಯಲ್ಲಿರುವ ಕಲಂ 150ರಂತೆ, ಅನರ್ಹಗೊಂಡ ವ್ಯಕ್ತಿ ಅನರ್ಹತೆಯ ಅವಧಿಯಲ್ಲಿ ವಾಹನ ನಡೆಸುತ್ತಿದ್ದನೆಂಬುದು ವಿಮಾ ಕಂಪನಿಯು ನ್ಯಾಯಮಂಡಳಿಯ ಮುಂದೆ ಎತ್ತಬಹುದಾದ ತಕರಾರುಗಳಲ್ಲಿ ಒಂದು.

ಸರ್ವೋಚ್ಚ ನ್ಯಾಯಾಲಯವು ದಿನಾಂಕ 5-1-2004ರ ತೀರ್ಪಿನಲ್ಲಿ ಈ ತಕರಾರಿನ ಮಿತಿಯನ್ನು ವಿವರಿಸಿದೆ. ಡಿ.ಎಲ್. ದೋಷವಿತ್ತೆಂದು ಹೇಳಿದಷ್ಟಕ್ಕೇ ಕಂಪನಿಯು ಹೊಣೆಯಿಂದ ಬಿಡುಗಡೆಯಾಗದು. ಸರಿಯಾದ ಚಾಲಕನ ಕೈಗೆ ವಾಹನ ನೀಡುವ ವಿಷಯದಲ್ಲಿ ಮಾಲೀಕರು ತಕ್ಕ ಎಚ್ಚರಿಕೆ ವಹಿಸಲಿಲ್ಲವೆಂದು ಕಂಪನಿಯೇ ರುಜುವಾತುಪಡಿಸಬೇಕು. ಹಾಗೆ ರುಜುವಾತಾದರೂ, ಗಾಯಾಳುವಿಗೆ ಅಥವಾ ಮೃತರ ಕುಟುಂಬಕ್ಕೆ ಕಂಪನಿಯು ಮೊದಲು ಪರಿಹಾರ ಪಾವತಿಸಿ, ಅನಂತರ ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿಯು ಆದೇಶಿಸಬಹುದು. ಅಂತಹ ಮೊತ್ತವನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ.

ಉದಾಹರಣೆಗೆ, ಡಿ.ಎಲ್. ಅಮಾನತಾಗಿರುವುದು ತಿಳಿದಿದ್ದೂ ಅರಸೀಕೆರೆಯ ಒಬ್ಬ ರೈತರು ತಮ್ಮ ಭಾವಮೈದುನನ ಕೈಗೆ ಕಾರು ಕೊಟ್ಟರೆಂದು ಇಟ್ಟುಕೊಳ್ಳೋಣ. ದಾರಿಯಲ್ಲಿ ಪಾದಚಾರಿಯೊಬ್ಬರು ಮೃತಪಟ್ಟರೆ ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಕಂತು ಕಟ್ಟಿದ ಪಾಲಿಸಿ ಚಾಲ್ತಿಯಲ್ಲಿದ್ದರೂ ಆ ಮೊತ್ತವು ಕೊನೆಗೆ ರೈತರ ಜಮೀನಿನವರೆಗೆ ಬರಬಹುದು. ಅದೇ ರೈತರಿಗೆ ಅಮಾನತಿನ ವಿಷಯ ತಿಳಿಯದೆ, ಡಿ.ಎಲ್. ನೋಡಿಯೇ ಕಾರು ಕೊಟ್ಟಿದ್ದರೆ ಅವರ ಸ್ಥಿತಿ ಬೇರೆಯಾಗಬಹುದಿತ್ತು. ಆದುದರಿಂದ ಅಮಾನತಿನ ಆದೇಶ ಬಂದ ಕೂಡಲೇ ಚಾಲಕರು ತಾವು ಕೆಲಸ ಮಾಡುವ ವಾಹನದ ಮಾಲೀಕರಿಗೆ ತಿಳಿಸತಕ್ಕದ್ದು. ಕೆಲಸ ಹೋಗುವುದೆಂಬ ಭಯದಿಂದ ಮುಚ್ಚಿಡುವವರುಂಟು. ಆದರೆ ಮುಚ್ಚಿಟ್ಟ ಚಾಲಕರೂ ಅಪಘಾತದ ಪರಿಹಾರಕ್ಕೆ ಮಾಲೀಕರೊಂದಿಗೆ ಹೊಣೆಗಾರರೇ ಆಗಿರುತ್ತಾರೆ.

ಮೂರನೆಯವರು ಚಾಲಕರ ಹೆಂಡತಿ ಮಕ್ಕಳು. ಎರವಲು ಪಡೆದ ವಾಹನದ ಚಾಲಕನು ಆ ವಾಹನದ ಪಾಲಿಸಿಯ ಮಟ್ಟಿಗೆ "ಮೂರನೇ ವ್ಯಕ್ತಿ"ಯಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಎರವಲು ತಂದ ಮೋಟಾರ್ ಸೈಕಲ್ಲಿನಲ್ಲಿ ಇಳಕಲ್ಲಿನಿಂದ ಗೂಡೂರಿಗೆ ಹೊರಟ ವ್ಯಕ್ತಿಯೊಬ್ಬರು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ಮೃತಪಟ್ಟಿದ್ದರು. ಎರವಲು ಪಡೆದವರು ಮಾಲೀಕರ ಸ್ಥಾನದಲ್ಲಿ ನಿಲ್ಲುವುದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ನೀಡುವ ಅಂದಿನ ಕಲಂ 163ಎ ಅಡಿ ಅವರ ಕುಟುಂಬವು ಆ ವಾಹನದ ವಿಮಾ ಕಂಪನಿಯಿಂದ ಪರಿಹಾರ ಪಡೆಯಲಾರದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಮಾನಿಸಿ, ಬೇರೆ ಕಲಮಿನ ಅಡಿ ಪರಿಶೀಲಿಸಲು ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಮರಳಿಸಿತು. 2020ರ ಇನ್ನೊಂದು ತೀರ್ಪಿನಲ್ಲಿ, ಎರವಲು ವಾಹನದ ಚಾಲಕನ ಕುಟುಂಬಕ್ಕೆ ಆ ಪಾಲಿಸಿಯ ವೈಯಕ್ತಿಕ ಅಪಘಾತ ಕರಾರಿನಂತೆ ರೂ. 1 ಲಕ್ಷ ಮಾತ್ರ ದೊರೆಯಿತು.

ಸ್ವಂತ ವಾಹನ ಇದ್ದವರಿಗೆ

ಡಿ.ಎಲ್. ಅಮಾನತಾದ ಮಾತ್ರಕ್ಕೆ ಸ್ವಂತ ವಾಹನದ ವಿಮೆ ರದ್ದಾಗುವುದಿಲ್ಲ. ಡಿ.ಎಲ್. ಉಳ್ಳ ಇತರರು ಅದನ್ನು ನಡೆಸಬಹುದು. ವಿಮೆಯನ್ನು ಮಾತ್ರ ಚಾಲ್ತಿಯಲ್ಲಿಡಬೇಕು. ಆದರೆ ಮಾಲೀಕ–ಚಾಲಕರಿಗೆಂದು ಇರುವ, 2018ರಲ್ಲಿ ರೂ. 15 ಲಕ್ಷಕ್ಕೆ ಏರಿಸಲಾದ ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷಣೆಯು ಚಾಲ್ತಿ ಡಿ.ಎಲ್. ಇಲ್ಲದ ಮಾಲೀಕರಿಗೆ ಅನ್ವಯಿಸದು.

ವಾಹನವಿಲ್ಲದವರು ಮಾಡಿಸಬಹುದಾದ ವಿಮೆ

ತಮ್ಮ ಸ್ವಂತ ಅಪಘಾತಕ್ಕೆ ವೈಯಕ್ತಿಕ ಅಪಘಾತ ವಿಮೆಯನ್ನು ಯಾರು ಬೇಕಾದರೂ ಮಾಡಿಸಬಹುದು. ಬ್ಯಾಂಕು ಅಥವಾ ಅಂಚೆ ಕಚೇರಿಯ ಖಾತೆಯ ಮೂಲಕ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು 18ರಿಂದ 70 ವರ್ಷದವರಿಗೆ ಇದ್ದು, 2022ರ ಜೂನ್ ತಿಂಗಳಿನಿಂದ ಅದರ ವಾರ್ಷಿಕ ಕಂತು ರೂ. 20, ಮರಣಕ್ಕೆ ರಕ್ಷಣೆ ರೂ. 2 ಲಕ್ಷ. ಇದು ಎದುರಿನವರಿಗೆ ಆದ ನಷ್ಟವನ್ನು ಭರಿಸುವ ವಿಮೆಯಲ್ಲ. ಅಮಾನತಿನ ಅವಧಿಯಲ್ಲಿ ವಾಹನ ನಡೆಸಲು ಅನುಮತಿಯೂ ಅಲ್ಲ.

ಅನುಜ್ಞಾ ಪತ್ರ ಮರಳಿ ಪಡೆಯುವ ಕ್ರಮ

ಪ್ರಾಧಿಕಾರದ ಆದೇಶದಿಂದ ಬಾಧಿತರಾದವರು ಆದೇಶ ತಲುಪಿದ 30 ದಿನಗಳೊಳಗೆ ನಿಗದಿತ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶ ಕೈಗೆ ಬಂದ ದಿನಾಂಕಕ್ಕೆ ದಾಖಲೆ ಇರಲೆಂದು ಅಂಚೆಯ ಲಕೋಟೆಯನ್ನು ಎಸೆಯದೆ ಇಟ್ಟುಕೊಳ್ಳುವುದು ಸೂಕ್ತ. ನ್ಯಾಯಾಲಯವೇ ಅನರ್ಹಗೊಳಿಸಿದ್ದಲ್ಲಿ ಮೇಲಿನ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

2019ರ ತಿದ್ದುಪಡಿಯಂತೆ, ಅಮಾನತಿನ ಅವಧಿ ಮುಗಿದರೂ ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ ಬಳಿಕವೇ ಡಿ.ಎಲ್. ಹಿಂದಿರುಗಿಸಲಾಗುತ್ತದೆ. ಈ ತರಬೇತಿಯನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ, ಯಾವ ಶಾಲೆಯ ಪ್ರಮಾಣಪತ್ರ ಸ್ವೀಕಾರಾರ್ಹವೆಂದು ಆದೇಶ ನೀಡಿದ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಈ ಅವಧಿಯಲ್ಲಿ ಬೇರೆ ಜಿಲ್ಲೆ ಅಥವಾ ಬೇರೆ ರಾಜ್ಯದಲ್ಲಿ ಹೊಸ ಡಿ.ಎಲ್.ಗೆ ಅರ್ಜಿ ಹಾಕುವುದು ಕಲಂ 182ರ ಅಡಿ ಅಪರಾಧ. ಹಾಗೆ ಪಡೆದ ಪತ್ರಕ್ಕೆ ಬೆಲೆಯೂ ಇಲ್ಲ.

ಡಿ.ಎಲ್. ಅವಧಿಯು ಅಮಾನತಿನ ನಡುವೆಯೇ ಮುಗಿಯುವುದಿದ್ದರೆ ನವೀಕರಣದ ಬಗ್ಗೆ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದ ಮೇಲೆ ಅರ್ಜಿ ಸಲ್ಲಿಸಿದರೆ ಚಾಲನಾ ಪರೀಕ್ಷೆಗೆ ಮತ್ತೆ ಹಾಜರಾಗಬೇಕಾಗುತ್ತದೆ.

ಜಿಲ್ಲೆಯಲ್ಲಿ ಹಾಸನದಲ್ಲಿ (ಕೆಎ-13) ಹಾಗೂ ಸಕಲೇಶಪುರದಲ್ಲಿ (ಕೆಎ-46) ಸಾರಿಗೆ ಕಚೇರಿಗಳಿವೆ. ಅರ್ಜಿದಾರರು ತಮಗೆ ಆದೇಶ ನೀಡಿದ ಕಚೇರಿಗೆ ಆದೇಶದ ಪ್ರತಿ, ಗುರುತಿನ ದಾಖಲೆ ಹಾಗೂ ತರಬೇತಿಯ ಪ್ರಮಾಣಪತ್ರದೊಂದಿಗೆ ಹೋಗತಕ್ಕದ್ದು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಅಡಿ ಉಚಿತ ನೆರವಿಗೆ ಅರ್ಹರು. ಡಿ.ಎಲ್. ಕೈಗೆ ಬಂದ ಬಳಿಕ ಅದರ ಸ್ಥಿತಿಯು "ಸಾರಥಿ" ಜಾಲತಾಣದಲ್ಲಿಯೂ ಬದಲಾಗಿದೆಯೇ ಎಂದು ನೋಡಿಕೊಂಡ ಮೇಲೆಯೇ ವಾಹನ ನಡೆಸಲು ಪ್ರಾರಂಭಿಸಬೇಕು.